ಮನೆಯ ಕಷ್ಟ ಅವನಿಗೆ ಹೇಳಬಾರದಂತೆ

ಗಂಡ ಮಿಲಿಟರಿಯಲ್ಲಿರುವ ಹೆಂಗಸಿಗೆ ಈ ನಾಡಿನಲ್ಲಿ ಏನಿಲ್ಲದಿದ್ದರೂ ಉಪದೇಶಕ್ಕೆ ಬರವಿಲ್ಲ. ಅತ್ತೆ ಹೇಳುತ್ತಾಳೆ, ಶಾಲೆಯ ಹೆಡ್‌ಮಾಸ್ತರರು ಹೇಳುತ್ತಾರೆ, ಆಗಸ್ಟ್ 15ಕ್ಕೆ ವೇದಿಕೆ ಹತ್ತಿದ ಶಾಸಕರು ಹೇಳುತ್ತಾರೆ, ಮಠದ ಸ್ವಾಮಿಗಳೂ ಹೇಳುತ್ತಾರೆ: ಧೈರ್ಯದಿಂದಿರವ್ವ. ಫೋನಿನಲ್ಲಿ ಅಳಬೇಡ. ಮನೆಯ ಕಷ್ಟ ಅವನ ಕಿವಿಗೆ ಹಾಕಬೇಡ, ಅವನ ಕೈಯಲ್ಲಿ ಬಂದೂಕು ಇರುತ್ತದೆ, ಚಿತ್ತ ಕೆಡಬಾರದು. ಅವನು ದೇಶ ಕಾಯಲಿ, ನೀನು ಮನೆ ಕಾಯಿ. ಇಷ್ಟೆಲ್ಲ ಹೇಳಿದವರಲ್ಲಿ ಒಬ್ಬರಾದರೂ ಆಕೆಯ ಗಂಡನ ಪಗಾರ ಯಾರ ಕೈ ಸೇರುತ್ತದೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಈ ಉಪದೇಶದ ಹಿಂದೆ ಒಂದು ಲೆಕ್ಕವಿದೆ. ಜವಾನನಿಗೆ ಸರ್ಕಾರ ಸಂಬಳ ಕೊಡುತ್ತದೆ, ಬೂಟು ಕೊಡುತ್ತದೆ, ಹಿಮಕ್ಕೆಂದು ಬೇರೆ ಕೋಟು ಕೊಡುತ್ತದೆ. ಆದರೆ ಅವನ ಮನಸ್ಸು ಗಡಿಯಲ್ಲಿ ನೆಟ್ಟಗೆ ನಿಲ್ಲಬೇಕಾದರೆ ಮನೆಯ ಕಡೆಯ ಬಿಸಿಗಾಳಿ ಅವನಿಗೆ ತಾಗಬಾರದು. ಅದನ್ನು ತಡೆಯುವ ಕೆಲಸ ಹೆಂಡತಿಯದು. ಆ ಕೆಲಸಕ್ಕೆ ಪಗಾರವಿಲ್ಲ, ಸೂಟಿಯಿಲ್ಲ, ಪದಕವಂತೂ ಇಲ್ಲವೇ ಇಲ್ಲ. ಪ್ರೀತಿ, ಪತಿವ್ರತಾಧರ್ಮ, ದೇಶಭಕ್ತಿ ಎಂದು ಮೂರು ಹೆಸರಿಟ್ಟು ಪುಕ್ಕಟೆ ದುಡಿಸಿಕೊಳ್ಳುತ್ತಾರೆ. ಹೊಲದಲ್ಲಿ ಬಿಟ್ಟಿ ಮಾಡಿಸಿಕೊಂಡ ಗೌಡರ ಮೇಲೆ ಸಿಟ್ಟಿಗೆದ್ದು ಕಥೆ ಕವಿತೆ ಬರೆದವರು ನಾವು. ಈ ಬಿಟ್ಟಿ ಮಾತ್ರ ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ನಾನು ಬೆಳಗಾವಿ ಜಿಲ್ಲೆಯವಳು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ ಜಿಲ್ಲೆ. ಮಳೆ ನಂಬಿದ ಮೂರೆಕರೆ, ನಾಲ್ಕೆಕರೆಯ ಮನೆಗಳ ಹುಡುಗರು ನಸುಕಿನಲ್ಲೆದ್ದು ಡಾಂಬರು ರಸ್ತೆಯ ಮೇಲೆ ಓಡುವುದು ನಮ್ಮ ಕಡೆ ನಿತ್ಯದ ನೋಟ. ಭರತಿ ಆಯಿತೆಂದರೆ ಮನೆಗೆ ಕಾಂಕ್ರೀಟು ಬಿತ್ತು, ತಂಗಿಯ ಮದುವೆ ಆಯಿತು, ಸೊಸೈಟಿಯ ಸಾಲ ತೀರಿತು ಎಂದೇ ಅರ್ಥ. ವೇದಿಕೆಯ ಮೇಲೆ ಗಡಿಯ ಬಗ್ಗೆ ಗಂಟಲು ಹರಿದುಕೊಳ್ಳುವವರ ಮಕ್ಕಳು ಆ ರಸ್ತೆಯಲ್ಲಿ ಓಡಿದ್ದನ್ನು ಯಾರೂ ನೋಡಿಲ್ಲ. ಇರಲಿ, ಅದು ಬೇರೆ ಜಗಳ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಅಕ್ಷರ ದುಂಡಗಿವೆಯೆಂದು ಓಣಿಯ ಹೆಂಗಸರು ಪತ್ರ ಬರೆಸಲು ಬರುತ್ತಿದ್ದರು. ನೀಲಿ ಇನ್‌ಲ್ಯಾಂಡ್ ಪತ್ರ. ವಿಳಾಸದಲ್ಲಿ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೊನೆಗೆ ಕೇರಾಫ್ 56 ಎ.ಪಿ.ಒ. ಊರಿನ ಹೆಸರಿಲ್ಲ. ಗಂಡ ಜಮ್ಮುವಿನಲ್ಲಿದ್ದಾನೋ ಲಡಾಖಿನಲ್ಲಿದ್ದಾನೋ ವಿಳಾಸ ಬಾಯಿ ಬಿಡುತ್ತಿರಲಿಲ್ಲ. ಪತ್ರ ಹೆಂಡತಿಯದು, ಹೇಳಿ ಬರೆಸುವವಳು ಅತ್ತೆ. ಆಕೆ ಎದುರಿಗೆ ಕೂರುತ್ತಿದ್ದಳು, ಈಕೆ ಬಾಗಿಲ ಹತ್ತಿರ ಸೆರಗು ಹಿಡಿದು ನಿಲ್ಲುತ್ತಿದ್ದಳು. ಮೊದಲ ಸಾಲು ಕಾಯಂ: ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು. ಆಮೇಲೆ ಮಳೆಯ ಸುದ್ದಿ, ಎತ್ತಿನ ಸುದ್ದಿ, ಮನಿಯಾರ್ಡರು ಮುಟ್ಟಿದ ಸುದ್ದಿ. ಮನಿಯಾರ್ಡರು ಬರುತ್ತಿದ್ದುದು ಮಾವನ ಹೆಸರಿಗೆ.

ಒಂದು ಸಲ ಅತ್ತೆ ಎದ್ದು ಹೋದ ಮೇಲೆ ಒಬ್ಬಾಕೆ ಹತ್ತಿರ ಬಂದು ಕೂತಳು. “ತಂಗೀ, ಅದರಾಗ ನನ್ನ ಮಾತು ಒಂದ ಹಾಕ್ತೀ ಏನ?” ಅಂದಳು.

“ಏನ ಬರೀಲಿ ಅಕ್ಕಾ?”

“ಹೊಟ್ಯಾಗಿಂದು ಹೋತು ಅಂತ ಬರಿ.”

ಐದು ತಿಂಗಳದ್ದು. ಅದು ಹೋಗಿ ಎಂಟು ದಿನವಾಗಿತ್ತು. ಅದರ ಮೇಲೇ ಆಕೆ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಇತ್ತ ಎಲ್ಲರೂ ಕ್ಷೇಮವಾಗಿದ್ದರು! ನಾನು ಪತ್ರದ ಅಂಚಿನಲ್ಲಿ ಸಣ್ಣಗೆ ಬರೆದೆ. ಪೆಟ್ಟಿಗೆಗೆ ಬೀಳುವ ಮೊದಲು ಅದನ್ನು ಓಣಿಯ ಇನ್ನೊಬ್ಬ ಅಕ್ಷರಸ್ಥನಿಂದ ಓದಿಸಿದರು, ಹರಿದರು, ಹೊಸದು ಬರೆಸಿದರು. ಗಂಡನಿಗೆ ವಿಷಯ ತಿಳಿದದ್ದು ಸೂಟಿಗೆ ಬಂದಾಗ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಅವನು ಬೈದದ್ದು ಹೆಂಡತಿಯನ್ನೇ.

ಅದು ಹಳೇ ಕಾಲ, ಈಗ ಕೈಗೊಂದು ಫೋನಿದೆ ಎನ್ನುವವರಿದ್ದಾರೆ. ಇದೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಹಾಗಾಗಿ ಅವನಿಗೊಂದು ಅಲ್ಲಿಯ ನಂಬರು, ಊರಿಗೆ ಬಂದರೆ ಇಲ್ಲಿಯದೊಂದು. ಟವರೇ ಇಲ್ಲದ ಎತ್ತರದಲ್ಲಿ ಉಪಗ್ರಹ ಫೋನು. ಅದರ ದರ ನಿಮಿಷಕ್ಕೆ ಐದು ರೂಪಾಯಿ ಇತ್ತು, ಜೊತೆಗೆ ತಿಂಗಳ ಬಾಡಿಗೆ ಬೇರೆ. 2017ರ ದೀಪಾವಳಿಯ ಹೊತ್ತಿಗೆ ಸರ್ಕಾರ ಅದನ್ನು ಒಂದು ರೂಪಾಯಿಗಿಳಿಸಿ ಉಡುಗೊರೆ ಎಂದಿತು. ಹಿಮದಲ್ಲಿ ನಿಲ್ಲಿಸಿದವನಿಂದ ಹೆಂಡತಿಯ ಧ್ವನಿಗೆ ಅಷ್ಟು ವರ್ಷ ಬಾಡಿಗೆ ವಸೂಲು ಮಾಡಿದ್ದನ್ನು ಏನೆನ್ನಬೇಕೋ, ಅದನ್ನು ಹೇಳಲಿಲ್ಲ. 2020ರಲ್ಲಿ ಸೇನೆ 89 ಆ್ಯಪ್‌ಗಳನ್ನು ಅಳಿಸಿಹಾಕಲು ಆದೇಶಿಸಿತು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲ ಆ ಪಟ್ಟಿಯಲ್ಲಿದ್ದವು. ಕಾರಣ ಭದ್ರತೆ. ಅದನ್ನು ನಾನು ಒಪ್ಪುತ್ತೇನೆ. ಅವನೆಲ್ಲಿದ್ದಾನೆಂಬುದು ಹೊರಗೆ ಬೀಳಬಾರದು, ಅದು ಜೀವದ ಪ್ರಶ್ನೆ. ಆದರೆ ಇವಳು ಹೇಗಿದ್ದಾಳೆ ಎಂಬುದನ್ನೂ ಗುಟ್ಟು ಮಾಡಿದವರು ಯಾರು? ಯಾವ ಶತ್ರುದೇಶಕ್ಕೆ ಆ ಸುದ್ದಿಯಿಂದ ಲಾಭ?

ಈಗಿನ ಫೋನ್ ಮಾತು ಕೇಳಿದ್ದೀರಾ? ಪಡಸಾಲೆಯಲ್ಲಿ ಸ್ಪೀಕರ್ ಹಾಕಿರುತ್ತಾರೆ. ಮೊದಲು ಅಪ್ಪ, ಆಮೇಲೆ ಅವ್ವ, ತಮ್ಮ, ಬಂದುಹೋಗುವ ಸೋದರಮಾವ. ಕೊನೆಗೆ ಹೆಂಡತಿಯ ಪಾಳಿ. “ಊಟ ಆತೇನ್ರಿ?” “ಆತು. ನಿಂದು?” “ಆತು.” “ಹುಡುಗ ಹೆಂಗದಾನ?” “ಆರಾಮ ಅದಾನ.” ಅಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಹುಡುಗನಿಗೆ ಮೂರು ದಿನದಿಂದ ಜ್ವರ. ಭಾವ ಹೊಲದ ಬದು ಒತ್ತಿದ್ದಾನೆ. ಮಗನ ಫೀ ಕಟ್ಟಿಲ್ಲವೆಂದು ಶಾಲೆಯಿಂದ ಎರಡು ಸಲ ಚೀಟಿ ಬಂದಿದೆ. ಇದ್ಯಾವುದೂ ಆ ತಂತಿಯಿಲ್ಲದ ತಂತಿ ದಾಟಿ ಹೋಗಲಿಲ್ಲ. ಸಂಪರ್ಕದಲ್ಲಿರುವುದು ಎಂದರೆ ಇದಂತೆ.

ಫೋನು ಸತ್ತರೆ ಏನೆಂದು ನಮ್ಮೂರಿಗೆ ಗೊತ್ತಾದದ್ದು 2019ರ ಆಗಸ್ಟ್ 5ರಂದು. ಕಾಶ್ಮೀರದಲ್ಲಿ ಎಲ್ಲ ಬಂದ್. ಓಣಿಯ ಹೆಂಗಸರು ಸ್ವಿಚ್ಡ್ ಆಫ್ ನಂಬರಿಗೆ ಮತ್ತೆ ಮತ್ತೆ ಒತ್ತುತ್ತಿದ್ದರು. ಆದರೆ ಕಣಿವೆಯ ಒಳಗೂ ಹೆಂಗಸರಿದ್ದರು, ಅವರ ಫೋನೂ ಸತ್ತಿತ್ತು. ಗಂಡ ಕಾಣೆಯಾಗಿ ಹತ್ತಿಪ್ಪತ್ತು ವರ್ಷ ಕಳೆದರೂ ಸತ್ತನೋ ಬದುಕಿದ್ದಾನೋ ತಿಳಿಯದೆ ಠಾಣೆ, ಕ್ಯಾಂಪು ಅಲೆಯುವವರನ್ನು ಅಲ್ಲಿ ಅರ್ಧ ವಿಧವೆಯರು ಎನ್ನುತ್ತಾರೆ. ನಮ್ಮ ಜವಾನನ ಹೆಂಡತಿಯ ಪರ ಮಾತಾಡುವವರು ಆ ಹೆಂಗಸಿನ ಹೆಸರೆತ್ತಬಾರದೆಂದು ಯಾರೂ ನನಗೆ ಹೇಳಬೇಡಿ. ಬಂದೂಕಿನ ಎರಡೂ ತುದಿಗೆ ಕಾಯುವವಳು ಒಬ್ಬಳೇ.

ಕಷ್ಟ ಹೇಳಬೇಡ ಎಂಬ ಉಪದೇಶದಿಂದ ಅವನಿಗೆ ಒಳ್ಳೆಯದಾಗುತ್ತದೆಯೇ? ಅದೂ ಇಲ್ಲ. ಜವಾನನ ಹೊಲಮನೆಯ ವ್ಯಾಜ್ಯ ಅವನ ಬೆನ್ನ ಹಿಂದೆ ತೀರ್ಮಾನವಾಗಬಾರದೆಂದು 1925ರಷ್ಟು ಹಿಂದೆಯೇ ಕಾಯ್ದೆ ಬಂದಿದೆ. ಇಂಡಿಯನ್ ಸೋಲ್ಜರ್ಸ್ ಲಿಟಿಗೇಶನ್ ಆ್ಯಕ್ಟ್ ಎಂದು ಅದರ ಹೆಸರು. ಅವನು ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿದ್ದು ಕೋರ್ಟಿಗೆ ಬರಲಾಗದಿದ್ದರೆ ಮೊಕದ್ದಮೆಯನ್ನು ಮುಂದೂಡಬೇಕು. ಬದು ಒತ್ತಿದರೆ, ದಾರಿ ಕಟ್ಟಿದರೆ ಅವನ ಕಮಾಂಡಿಂಗ್ ಆಫೀಸರ್ ನಮ್ಮ ಡಿ.ಸಿ.ಗೆ ಪತ್ರ ಬರೆಯಬಹುದು. ನಮ್ಮ ಜಿಲ್ಲೆಯಲ್ಲೊಂದು ಸೈನಿಕ ಕಲ್ಯಾಣ ಕಚೇರಿ ಇದೆ. ಈ ಯಂತ್ರ ತಿರುಗಬೇಕಾದರೆ ಮೊದಲು ಅವನಿಗೆ ಸುದ್ದಿ ಗೊತ್ತಾಗಬೇಕು. ಬದು ಒತ್ತಿದವನು ಮನೆಯವನೇ ಆಗಿದ್ದಾಗ ‘ಅವನಿಗೆ ಹೇಳಬೇಡ’ ಎನ್ನುವ ಹಿರಿಯರ ಕಾಳಜಿ ಯಾರ ಬಗೆಗಿನದು ಎಂದು ಬಿಡಿಸಿ ಹೇಳಬೇಕೆ?

ಇನ್ನು ಸರ್ಕಾರದ ಕಾಳಜಿ. ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2020ರಿಂದ 2024ರವರೆಗೆ ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಮುಂತಾದ ಕೇಂದ್ರ ಪಡೆಗಳಲ್ಲಿ 730 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಹೆಚ್ಚಿನವು ಸೂಟಿಯಿಂದ ಮರಳಿದ ಮೇಲೆ ಆದವು ಎಂದು ಸರ್ಕಾರವೇ ಹೇಳಿತು. ಕಾರಣಗಳ ಪಟ್ಟಿಯಲ್ಲಿ ಎದ್ದು ಕಾಣುವುದು ಕೌಟುಂಬಿಕ ಸಮಸ್ಯೆ, ದಾಂಪತ್ಯ ಕಲಹ, ಹಣದ ಮುಗ್ಗಟ್ಟು. ಎಂಥ ಜಾಣ ಪಟ್ಟಿ! ತಿಂಗಳುಗಟ್ಟಲೆ ಹೊರಗಿಟ್ಟವರು ನೀವು, ಸತ್ತಾಗ ಕಾರಣವಾಗುವವಳು ಮನೆಯವಳು. ವರ್ಷಕ್ಕೆ ನೂರು ದಿನ ಕುಟುಂಬದ ಜೊತೆ ಇರುವ ಹಾಗೆ ಮಾಡುತ್ತೇವೆಂದು ಗೃಹ ಮಂತ್ರಿ ಅಮಿತ್ ಶಾ ಈ ಪಡೆಗಳಿಗೆ ಮಾತು ಕೊಟ್ಟು ವರ್ಷಗಳಾದವು. ಸೇನೆಯ ಜವಾನನಿಗೆ ಕಾಗದದ ಮೇಲೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್. ರಜೆ ಹಕ್ಕಲ್ಲ ಎಂಬ ಷರಾ ಅದರ ಪಕ್ಕದಲ್ಲೇ ಇದೆ. ಹಬ್ಬ ಯಾವುದೆಂದು ನೋಡಿ ಸೂಟಿ ಸಿಗುವುದಿಲ್ಲ, ಹೆರಿಗೆ ದಿನ ನೋಡಿಯೂ ಸಿಗುವುದಿಲ್ಲ.

ಸಿಕ್ಕಿ ಬಂದನೆನ್ನಿ. ಎರಡು ದಿನ ರೈಲಿನಲ್ಲಿ ಜೋಲಿ ಹೊಡೆದು ಇಳಿಯುತ್ತಾನೆ. ಮನೆಗೆ ಬರುವ ಮೊದಲೇ ಅಗಸೆಯಲ್ಲಿ ಗೆಳೆಯರು: ಮಿಲಿಟ್ರಿ ಬಾಟ್ಲಿ ಎಷ್ಟ ತಂದೀಯೋ? ಆಮೇಲೆ ಜಾತ್ರೆ, ತಂಗಿಯ ಸೀಮಂತ, ಮೋಜಣಿ, ರೇಷನ್ ಕಾರ್ಡು, ಅಪ್ಪನ ಕಣ್ಣಿನ ಆಪರೇಷನ್, ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿ. ಹೆಂಡತಿಯ ಪಾಲಿಗೆ ರಾತ್ರಿಯ ಉಳಿದ ಚೂರು. ಮಗು ಅಪ್ಪನನ್ನು ಕಂಡು ಅಜ್ಜನ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ, ಹತ್ತಿರ ಬರುವ ಹೊತ್ತಿಗೆ ವಾಪಸ್ ಹೋಗುವ ಟಿಕೆಟ್ಟು ಕನ್‌ಫರ್ಮ್ ಆಗಿರುತ್ತದೆ. ಗಂಡ ಹೆಂಡತಿ ಇಬ್ಬರೇ ನಾಲ್ಕು ದಿನ ಎಲ್ಲಾದರೂ ಹೋಗಿಬರುತ್ತೇವೆ ಎಂದರೆ ಊರು ನಗುತ್ತದೆ, ಅತ್ತೆ ಮುಸುಡಿ ತಿರುಗಿಸುತ್ತಾಳೆ. ದೇಶಕ್ಕಾಗಿ ಅವನನ್ನು ಬಿಟ್ಟುಕೊಟ್ಟವಳು ಸೂಟಿಯಲ್ಲಿ ಊರಿಗಾಗಿಯೂ ಬಿಟ್ಟುಕೊಡಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಸುಪ್ರೀಂ ಕೋರ್ಟಿನಲ್ಲಿ ನಡೆದ ಒಂದು ಸಂಗತಿ. 2018ರ ಸೆಪ್ಟೆಂಬರಿನಲ್ಲಿ ಕೋರ್ಟು ವ್ಯಭಿಚಾರ ಅಪರಾಧವಲ್ಲ ಎಂದು ದಂಡಸಂಹಿತೆಯ 497ನೇ ಕಲಮನ್ನು ತೆಗೆದುಹಾಕಿತು. ಹೆಂಡತಿ ಗಂಡನ ಆಸ್ತಿಯಲ್ಲ ಎಂಬುದು ಆ ತೀರ್ಪಿನ ತಿರುಳು. ರಕ್ಷಣಾ ಇಲಾಖೆ ಸುಮ್ಮನಿರಲಿಲ್ಲ. ಸೇನೆಗೆ ಇದು ಅನ್ವಯಿಸಬಾರದೆಂದು ಅರ್ಜಿ ಹಾಕಿತು. ಕೊಟ್ಟ ಕಾರಣ ಕೇಳಿ: ದೂರದ ಕಷ್ಟದ ಜಾಗಗಳಲ್ಲಿ ಕೆಲಸ ಮಾಡುವ ಸೈನಿಕನ ಮನಸ್ಸಿನಲ್ಲಿ, ಹಿಂದೆ ಉಳಿದ ಕುಟುಂಬ ಮಾಡಬಾರದ್ದೇನಾದರೂ ಮಾಡುತ್ತಿದೆಯೇ ಎಂಬ ಚಿಂತೆ ಸದಾ ಉಳಿದೀತು ಎಂದು. 2023ರ ಜನವರಿ 31ರಂದು ಐವರು ನ್ಯಾಯಮೂರ್ತಿಗಳ ಪೀಠ, ಹಿಂದಿನ ತೀರ್ಪು ಸೇನೆಯ ಶಿಸ್ತುಕ್ರಮಕ್ಕೆ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು.

ವರ್ಷವಿಡೀ ಒಂಟಿಯಾಗಿ ಮನೆ ಎಳೆದವಳ ಬಗ್ಗೆ ಸರ್ಕಾರ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ತಿಳಿಸಿದ ಕಾಳಜಿ ಇದು. ಆಕೆಯ ಬಾಣಂತನದ ಬಗ್ಗೆ ಅಲ್ಲ, ಆಕೆಯ ನಿದ್ದೆಯ ಬಗ್ಗೆ ಅಲ್ಲ. ಆಕೆಯ ಶೀಲದ ಬಗ್ಗೆ. ಊರಿನ ಕಟ್ಟೆಯ ಮೇಲೆ ಕೂತ ಮುದುಕರು ಇದನ್ನೇ ಆಡುತ್ತಾರೆ. ಗಂಡ ಊರಲ್ಲಿಲ್ಲ, ಹೊಸ ಸೀರೆ ಯಾರಿಗೆ ತೋರಿಸಲು? ಅಂಗಡಿಯವನ ಜೊತೆ ಅಷ್ಟು ಹೊತ್ತು ಏನು ಮಾತು? ಕಟ್ಟೆಯ ಮಾತಿಗೆ ಲೆಟರ್‌ಹೆಡ್ ಕೊಟ್ಟರೆ ಅದು ಇಲಾಖೆಯ ಅರ್ಜಿ. ಚಿಂತೆ ಇರುವುದು ಅವನ ಮನಸ್ಸಿನಲ್ಲಿ, ಕಾವಲು ಮಾತ್ರ ಇವಳ ಮೇಲೆ. ಗಂಡ ಎಲ್ಲಿ ಏನು ಮಾಡುತ್ತಿರಬಹುದೆಂಬ ಚಿಂತೆ ಆಕೆಗಿದ್ದರೆ ಯಾವ ಪೀಠದೆದುರು ಯಾರು ಅರ್ಜಿ ಹಾಕುತ್ತಾರೆ?

ಗಂಡ ಸತ್ತ ಮೇಲಾದರೂ ಬಿಟ್ಟರೇ? ಶೌರ್ಯ ಪದಕ ಪಡೆದವನ ವಿಧವೆಗೆ ಬರುವ ಭತ್ಯೆ ಆಕೆ ಮರುಮದುವೆಯಾದರೆ ನಿಲ್ಲುತ್ತಿತ್ತು. ಒಂದು ವಿನಾಯಿತಿ ಇತ್ತು: ಸತ್ತ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾಗಿ ಅದೇ ಮನೆಯಲ್ಲಿ ಬಾಳಿದರೆ ಹಣ ಮುಂದುವರಿಯುತ್ತಿತ್ತು. 2017ರ ನವೆಂಬರಿನಲ್ಲಷ್ಟೇ ಈ ಷರತ್ತು ತೆಗೆದರು. ನಮ್ಮ ಕಡೆಯ ದುಡಿಯುವ ಜಾತಿಗಳಲ್ಲಿ ಉಡಿಕಿ ಇತ್ತು. ಗಂಡ ಸತ್ತವಳು ಇನ್ನೊಬ್ಬನ ಕೈ ಹಿಡಿದು ಬಾಳು ಕಟ್ಟಿಕೊಳ್ಳುತ್ತಿದ್ದಳು, ಅದನ್ನು ಕೀಳೆಂದು ಮೂಗು ಮುರಿದವರು ಮೇಲಿನವರು. ಓದು ಬರಹ ಬಾರದ ನಮ್ಮ ಓಣಿಗಳಿಗಿದ್ದ ತಿಳಿವಳಿಕೆ ದಿಲ್ಲಿಯ ಫೈಲಿಗೆ ಬರಲು ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಬೇಕಾಯಿತು.

2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19 ಸಾವಿರ ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಾಗ ನಾಡಿಗೆ ನಾಡೇ ಹರಕೆ ಹೊತ್ತಿತು. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹರಕೆಯನ್ನು ನಾನು ಆಡಿಕೊಳ್ಳುವುದಿಲ್ಲ, ನಾನೂ ಹೊತ್ತಿದ್ದೆ. ಆದರೆ ಆ ಮನೆಗೆ ನುಗ್ಗಿದ ಕ್ಯಾಮೆರಾಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಜವಾನನ ಹೆಂಡತಿ ಈ ನಾಡಿಗೆ ಕಾಣುವುದು ಅಂಥ ದಿನ ಮಾತ್ರ, ಅದೂ ಅತ್ತಾಗ ಮಾತ್ರ.

ಗಂಡನಿಗೆ ಪೀಸ್ ಪೋಸ್ಟಿಂಗ್ ಸಿಕ್ಕಿ, ಪಾಳಿ ಹಚ್ಚಿ, ಕ್ವಾರ್ಟರ್ಸ್ ಸಿಕ್ಕರೆ ಆಕೆ ಜೊತೆಗಿರಬಹುದು. ಅಲ್ಲಿಯದು ಬೇರೆ ಕಥೆ. ಸೇನೆಯ ಹೆಂಡತಿಯರ ಕಲ್ಯಾಣ ಸಂಘ, ಆವಾ, 1966ರಲ್ಲಿ ಹುಟ್ಟಿತು. ಹೊಲಿಗೆ ಕಲಿಸುತ್ತದೆ, ವಿಶೇಷ ಅಗತ್ಯದ ಮಕ್ಕಳಿಗೆ ಆಶಾ ಶಾಲೆಗಳನ್ನು ನಡೆಸುತ್ತದೆ, ಅದಕ್ಕೆ ನಮಸ್ಕಾರ. ಆದರೆ ಅಲ್ಲಿ ಅಧ್ಯಕ್ಷೆಯನ್ನು ಯಾರೂ ಆರಿಸುವುದಿಲ್ಲ. ಸೇನಾ ಮುಖ್ಯಸ್ಥರ ಹೆಂಡತಿಯೇ ಅಧ್ಯಕ್ಷೆ, ಯೂನಿಟ್ಟಿನಲ್ಲಿ ಸಿ.ಒ. ಸಾಹೇಬರ ಹೆಂಡತಿಯೇ ಯಜಮಾನಿ. ಗಂಡನ ಭುಜದ ಪಟ್ಟಿ ಹೆಂಡತಿಯ ಸೀರೆಯ ಮೇಲೂ ಇರುತ್ತದೆ. ಫ್ಯಾಮಿಲಿ ವೆಲ್‌ಫೇರ್ ಮೀಟ್ ಎಂದರೆ ಸೋಫಾದಲ್ಲಿ ಮೇಡಂಗಳು, ಹಿಂದೆ ಕುರ್ಚಿಯಲ್ಲಿ ಜವಾನರ ಹೆಂಡತಿಯರು. ನಮ್ಮ ಹುಡುಗಿ ಹಿಂದಿ ಹಾಡಿಗೆ ಕುಣಿಯಬೇಕು, ಮೇಡಂ ಚಪ್ಪಾಳೆ ತಟ್ಟಬೇಕು. ಮಗುವಿಗೆ ಮೈ ಸರಿಯಿಲ್ಲ, ಬರುವುದಿಲ್ಲ ಎಂದರೆ ಮಾರನೇ ದಿನ ಗಂಡನನ್ನು ಕರೆದು ಕೇಳುತ್ತಾರೆಂಬ ಅಂಜಿಕೆ. ಹಿಂದಿ ಬಾರದ ಅಥಣಿಯ, ಸವದತ್ತಿಯ ಸೊಸೆ ಆ ಹಾಲಿನಲ್ಲಿ ಕೂತು ತನ್ನ ಯಾವ ಕಷ್ಟ ಯಾರಿಗೆ ಹೇಳಬೇಕು?

ಈಗ ಸರ್ಕಾರ ಹೊಸ ಉಪಾಯ ಕಂಡುಕೊಂಡಿದೆ. 2022ರ ಜೂನ್ 14ರಂದು ಅಗ್ನಿಪಥ ಬಂತು. ನಾಲ್ಕು ವರ್ಷದ ಕೆಲಸ, ಕೊನೆಗೆ ನಾಲ್ಕರಲ್ಲಿ ಒಬ್ಬನಷ್ಟೇ ಕಾಯಂ, ರಜೆ ವರ್ಷಕ್ಕೆ 30 ದಿನ. ಸೇರುವಾಗ ಮದುವೆಯಾಗಿರಬಾರದು, ವಾಯುಪಡೆಯಂತೂ ನಾಲ್ಕು ವರ್ಷ ಮದುವೆಯಾಗುವುದಿಲ್ಲ ಎಂದು ಬರೆಸಿಕೊಳ್ಳುತ್ತದೆ. ಸತ್ತರೆ 48 ಲಕ್ಷದ ವಿಮೆ ಸೇರಿ ಇಡಿಗಂಟು ಉಂಟು, ಹಿಂದುಳಿದವರಿಗೆ ತಿಂಗಳ ಪಿಂಚಣಿ ಇಲ್ಲ. ಹೆಂಡತಿಯೇ ಇಲ್ಲದಿದ್ದರೆ ಫೋನಿಲ್ಲ, ಕ್ವಾರ್ಟರ್ಸ್ ಇಲ್ಲ, ವಿಧವೆಯೂ ಇಲ್ಲ. ಲೆಕ್ಕ ಎಷ್ಟು ಚೊಕ್ಕ!

ಹಾಗಾದರೆ ಗಂಡ ದೂರವಿರುವವಳು ಏನು ಮಾಡಬೇಕೆಂದು ಕೇಳುವ ತಂಗಿಯರಿಗೆ ಹೇಳುತ್ತೇನೆ. ಸ್ಪೀಕರ್ ಆರಿಸು. ಜ್ವರವಿದ್ದರೆ ಜ್ವರ ಅನ್ನು, ಬದು ಒತ್ತಿದ್ದರೆ ಯಾರು ಒತ್ತಿದರೆಂದು ಹೆಸರು ಹೇಳು. ಅವನು ಗಟ್ಟಿ ಆಳು, ಮೈನಸ್ ಮೂವತ್ತರ ಚಳಿ ತಡೆದವನು ಸತ್ಯಕ್ಕೆ ಸಾಯುವುದಿಲ್ಲ. ಅವನ ಅಂಜಿಕೆ, ಅವನ ಅಳು ಕೇಳಿಸಿಕೊಳ್ಳಲು ನಿನಗೂ ಕಿವಿ ಇದೆಯೆಂದು ಅವನಿಗೆ ಗೊತ್ತಾಗಲಿ. ಮುಂದಿನ ಸಲ ಸೂಟಿಗೆ ಬಂದಾಗ ಜಾತ್ರೆಗೆ ಮೊದಲು ಬ್ಯಾಂಕಿಗೆ ಕರೆದುಕೊಂಡು ಹೋಗು, ಜಾಯಿಂಟ್ ಖಾತೆ ಮಾಡಿಸು.

ಪಾರ್ಟ್ ಟೂ ಆರ್ಡರ್ ಆಗಿದೆಯೇ ಎಂದು ಕೇಳು. ಏಳು ಹೆಜ್ಜೆ ಇಟ್ಟರೂ, ತಾಳಿ ಕಟ್ಟಿದರೂ, ಆ ಕಾಗದದಲ್ಲಿ ಮದುವೆ ದಾಖಲಾಗದಿದ್ದರೆ ಸೇನೆಯ ಲೆಕ್ಕದಲ್ಲಿ ನೀನು ಹೆಂಡತಿಯಲ್ಲ. ಡಿಪೆಂಡೆಂಟ್ ಕಾರ್ಡಿಲ್ಲ, ನಾಳೆ ಪಿಂಚಣಿಗೂ ಅಲೆದಾಟ. ಆಧಾರಿನಲ್ಲಿ ಲಕ್ಷ್ಮವ್ವ, ರೆಕಾರ್ಡ್ ಆಫೀಸಿನಲ್ಲಿ ಲಕ್ಷ್ಮಿಬಾಯಿ ಎಂದಿದ್ದರೆ ಈಗಲೇ ತಿದ್ದಿಸು. ವಿಮೆಯ ನಾಮಿನಿ ಯಾರು, ಎಷ್ಟು ಪಾಲು ಎಂದು ನೋಡು. ಗಂಡ ಕೈಬಿಟ್ಟರೆ ಅವನ ಸೇನಾಧಿಕಾರಿಗಳಿಗೆ ನೀನೇ ಅರ್ಜಿ ಬರೆಯಬಹುದು. ಸೇನೆಯ ನಿಯಮದಡಿ ಅವನ ಪಗಾರದಿಂದ ಶೇಕಡಾ 22ರವರೆಗೆ ನಿನಗೆ, ಮಕ್ಕಳೂ ಸೇರಿದರೆ 33ರವರೆಗೆ ಕಡಿದು ಕೊಡುವ ಅಧಿಕಾರ ಅವರಿಗಿದೆ. ಇದನ್ನು ಮದುವೆಯ ದಿನ ಯಾವ ಹಿರಿಯರೂ ಹೇಳುವುದಿಲ್ಲ. ಗಂಡನ ಸಾವಿನ ಲೆಕ್ಕ ಹಾಕುವವಳು ಎಂದು ಮನೆಯಲ್ಲಿ ಬೈಯುತ್ತಾರೆ. ಲೆಕ್ಕ ಹಾಕದೆ ಬೈಗುಳ ತಪ್ಪಿಸಿಕೊಂಡವರು ಪಿಂಚಣಿಯ ಕಾಗದ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸರ್ಕಾರಕ್ಕೆ ನನ್ನ ಬೇಡಿಕೆ ಸಣ್ಣದು. ಮದುವೆಯ ಪಾರ್ಟ್ ಟೂ ಆರ್ಡರ್ ಆದ ದಿನ ಅದರ ಒಂದು ಪ್ರತಿ ಹೆಂಡತಿಯ ಹೆಸರಿಗೆ, ಆಕೆ ಓದಬಲ್ಲ ಭಾಷೆಯಲ್ಲಿ, ಸ್ಪೀಡ್ ಪೋಸ್ಟಿನಲ್ಲಿ ಬರಲಿ. ಪೋಸ್ಟ್‌ಮನ್ ಅದನ್ನು ಮಾವನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡು ಹೋಗದಿರಲಿ.